ಒಂದೇ ಹುಡುಗ, ಮೂರು ಜಿಗಿತ: 58, 49, 43. ಯಾವುದನ್ನು ನಂಬೋದು?

ವಾಲಿಬಾಲ್_ಮೇಷ್ಟ್ರು · ಸೋಮವಾರ ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಪಿಇ ಮೇಷ್ಟ್ರು. ಸಂಜೆ ಹೊತ್ತು ಪಿಯು ಹುಡುಗರಿಗೂ ವಾಲಿಬಾಲ್ ಹೇಳಿಕೊಡುತ್ತೇನೆ. ನಮ್ಮಲ್ಲಿ ಒಬ್ಬ ಒಳ್ಳೇ ಅಟ್ಯಾಕರ್ ಇದ್ದಾನೆ. 17 ವರ್ಷ, 62 ಕೆಜಿ. ಶಾಲೆಯ ಗೋಡೆ ಪಕ್ಕ ನಿಲ್ಲಿಸಿ, ಬೆರಳಿಗೆ ಸೀಮೆಸುಣ್ಣ ಹಚ್ಚಿ ಹಾರಿಸಿದರೆ 58 ಸೆಂ.ಮೀ. ಅವನ ಅಣ್ಣ ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ 49. ಹೋದ ವಾರ ಒಂದು ತರಬೇತಿ ಕೇಂದ್ರದ ಆಯ್ಕೆಗೆ ಹೋಗಿದ್ದ. ಅಲ್ಲಿ ನೆಲಕ್ಕೆ ಇಟ್ಟ ಫೋರ್ಸ್ ಪ್ಲೇಟ್ (ಕಾಲು ಒತ್ತುವ ಬಲ ಅಳೆಯುವ ಹಲಗೆ) ಮೇಲೆ ಹಾರಿಸಿದರು. 43 ಬಂತು. ಕಟಾಫ್ 45 ಅಂತೆ, ವಾಪಸ್ ಕಳಿಸಿದರು.

ಈಗ ಅವರಪ್ಪ ನನ್ನ ಮೇಲೆ ರೇಗುತ್ತಿದ್ದಾರೆ. "ಮೇಷ್ಟ್ರೇ, ನೀವು 58 ಅಂತ ಬರೆದುಕೊಟ್ಟಿದ್ದೀರಿ, ಅವರು 43 ಅಂತಾರೆ, ಸುಳ್ಳು ಯಾರದ್ದು?" ಅಂತ. ಯಂತ್ರ ಕೆಟ್ಟಿತ್ತಾ? ಆ್ಯಪ್ ಸರಿಯಿಲ್ವಾ? ನನ್ನ ಗೋಡೆ ಸರಿಯಿಲ್ವಾ? ಗೊತ್ತಿರುವವರು ಹೇಳಿ.

ಸುಮ್ನೆ_ಓದುವವ · 9:20
ಇದರಲ್ಲಿ ಗೊತ್ತಾಗೋದೇನಿದೆ ಸರ್. ಅವರ ಹುಡುಗನಿಗೆ ಸೀಟು ಬೇಕಿತ್ತು, ನಿಮ್ಮ ಹುಡುಗನಿಗೆ 43 ಬಂತು. ಮುಗಿಯಿತು.

ಬಾರ್‌ಬೆಲ್_ಬಸ್ಯ · 9:31
ಜಿಗಿತ ಬಿಡಿ ಮೇಷ್ಟ್ರೇ. ಹುಡುಗ ಎಷ್ಟು ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಬಸ್ಕಿ) ಹೊಡೀತಾನೆ ಹೇಳಿ. ಕಾಲಲ್ಲಿ ಬಲ ಇಲ್ಲದೆ ಹಾರೋದು ಎಲ್ಲಿಂದ ಬರುತ್ತದೆ? ಒನ್ ಆರ್‌ಎಂ ತೆಗೆಯಿರಿ (ಒಂದೇ ಸಲ ಎತ್ತಬಲ್ಲ ಅತಿ ಹೆಚ್ಚಿನ ಭಾರ), ಅದೊಂದೇ ಸುಳ್ಳು ಹೇಳದ ನಂಬರ್.

ಪ್ಲೇಟ್_ಲ್ಯಾಬ್ · 9:58
ಮೇಷ್ಟ್ರೇ, ನಾನು ಕ್ರೀಡಾ ವಿಜ್ಞಾನ ಓದಿದವನು. ಇಂಥ ಪ್ಲೇಟ್‌ಗಳ ಜೊತೆಗೇ ಕೆಲಸ. ಮೂರು ನಂಬರೂ ಸರಿಯೇ ಇರುವ ಸಾಧ್ಯತೆ ತುಂಬಾ ಇದೆ. ಹೇಗೆ ಅಂತ ಹೇಳುತ್ತೇನೆ.

ಗೋಡೆ ಪರೀಕ್ಷೆಯಲ್ಲಿ ಮೊದಲು ಹುಡುಗ ಹಿಮ್ಮಡಿ ಊರಿ ನಿಂತು ಕೈ ಎತ್ತಿ ಗುರುತು ಹಾಕುತ್ತಾನೆ. ಆಮೇಲೆ ಹಾರಿ ಇನ್ನೊಂದು ಗುರುತು. ಮಧ್ಯದ ಅಂತರ ನಿಮ್ಮ 58. ಆದರೆ ಹಾರುವಾಗ ಕಾಲು ನೆಲ ಬಿಡುವ ಕ್ಷಣ ಗಮನಿಸಿ. ಅಷ್ಟು ಹೊತ್ತಿಗೆ ಹಿಮ್ಮಡಿ ಎದ್ದು, ಅವನು ಬೆರಳ ತುದಿ ಮೇಲೆ ಇರುತ್ತಾನೆ. ಮೈ ಆಗಲೇ ಸುಮಾರು 10 ಸೆಂ.ಮೀ. ಮೇಲೆ ಹೋಗಿರುತ್ತದೆ. ಗೋಡೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ್ಯಪ್ ತೆಗೆದುಕೊಳ್ಳುವುದಿಲ್ಲ. ಅದು ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಹೊತ್ತನ್ನು ಮಾತ್ರ ನೋಡುತ್ತದೆ. ಪ್ಲೇಟ್‌ನಲ್ಲೂ ಸಾಮಾನ್ಯವಾಗಿ ಕಾಲು ಬಿಟ್ಟ ಮೇಲಿನ ಎತ್ತರವೇ ಬರುತ್ತದೆ.

ಈಗ ಒಂದು ಪ್ರಶ್ನೆ. ಕೇಂದ್ರದಲ್ಲಿ ಹಾರುವಾಗ ಕೈ ಎಲ್ಲಿತ್ತು?

ವಾಲಿಬಾಲ್_ಮೇಷ್ಟ್ರು · 10:06
ಸೊಂಟದ ಮೇಲೆ ಇಟ್ಟುಕೋ ಅಂದರಂತೆ. ಹುಡುಗನಿಗೆ ಅದೇ ಕಷ್ಟವಾಯ್ತು ಅಂತ ಹೇಳಿದ. ಅಣ್ಣ ವಿಡಿಯೋ ಮಾಡುವಾಗ ಕೈ ಬೀಸಿಯೇ ಹಾರಿದ್ದ.

ಪ್ಲೇಟ್_ಲ್ಯಾಬ್ · 10:15
ಅಲ್ಲಿಗೆ ಲೆಕ್ಕ ಕೂಡಿತು ನೋಡಿ. ಕೈ ಬೀಸಿದರೆ ಜಿಗಿತ ಶೇ 10ರಷ್ಟೋ, ಇನ್ನೂ ಸ್ವಲ್ಪ ಜಾಸ್ತಿಯೋ ಏರುತ್ತದೆ. 43ಕ್ಕೆ ಅದನ್ನು ಸೇರಿಸಿದರೆ 48ರ ಹತ್ತಿರ ಹೋಗುತ್ತದೆ. ಅದು ನಿಮ್ಮ ಆ್ಯಪ್. ಹಿಮ್ಮಡಿಯ 10 ಸೇರಿಸಿ, ನಿಮ್ಮ ಗೋಡೆ. ಹುಡುಗ ಒಬ್ಬನೇ, ಜಿಗಿತವೂ ಹೆಚ್ಚುಕಮ್ಮಿ ಒಂದೇ. ಸೇರಿನಲ್ಲಿ ಅಳೆದ ಅಕ್ಕಿಗೆ ಕೆಜಿ ಲೆಕ್ಕದಲ್ಲಿ ಜಗಳ ಆಡಿದ ಹಾಗಾಗಿದೆ.

ಕೈ ಸೊಂಟದ ಮೇಲೆ ಇಡಿಸುವುದಕ್ಕೂ ಕಾರಣ ಇದೆ. ಕಾಲಿನ ಕೆಲಸ ಎಷ್ಟು ಅಂತ ಮಾತ್ರ ನೋಡಬೇಕು. ಕೈ ಬೀಸುವ ಕಲೆ ಒಬ್ಬೊಬ್ಬರದು ಒಂದೊಂದು ಥರ.

ಸುಮ್ನೆ_ಓದುವವ · 10:18
ವಾಲಿಬಾಲ್ ಹುಡುಗನನ್ನು ಕೈ ಕಟ್ಟಿ ಹಾರಿಸೋದು ಯಾವ ನ್ಯಾಯ? ನೆಟ್ ಹತ್ತಿರ ಸೊಂಟಕ್ಕೆ ಕೈ ಇಟ್ಟುಕೊಂಡು ಸ್ಮ್ಯಾಶ್ ಹೊಡೆಯುತ್ತಾನಾ?

ಲೆಕ್ಕದ_ಅಣ್ಣ · 10:40
ಆ್ಯಪ್ ಬಗ್ಗೆ ಒಂದು ಮಾತು. ಗಾಳಿಯಲ್ಲಿದ್ದ ಹೊತ್ತು ಗೊತ್ತಾದರೆ ಎತ್ತರದ ಲೆಕ್ಕ ಸುಲಭ: ಆ ಹೊತ್ತಿನ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿ. 49 ಸೆಂ.ಮೀ.ಗೆ 0.63 ಸೆಕೆಂಡ್. 43ಕ್ಕೆ 0.59. ವ್ಯತ್ಯಾಸ 0.04 ಸೆಕೆಂಡ್ ಮಾತ್ರ!

ಅಣ್ಣನ ಮೊಬೈಲ್ ಯಾವ ವೇಗದಲ್ಲಿ ರೆಕಾರ್ಡ್ ಮಾಡಿತು ಕೇಳಿ. ಸಾಮಾನ್ಯ ವಿಡಿಯೋದಲ್ಲಿ ಸೆಕೆಂಡಿಗೆ 30 ಫ್ರೇಮ್. ಕಾಲು ಬಿಟ್ಟ ಫ್ರೇಮ್ ಒಂದೇ ಒಂದು ಆಚೀಚೆ ಆದರೂ ಇಂಥ ಜಿಗಿತದಲ್ಲಿ 5 ಸೆಂ.ಮೀ. ತಪ್ಪುತ್ತದೆ. 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ತೆಗೆದರೆ ಒಂದು ಫ್ರೇಮಿಗೆ ಸುಮಾರು 0.6 ಸೆಂ.ಮೀ. ಅಷ್ಟೇ. ಆದ್ದರಿಂದ ಲ್ಯಾಬ್ ಅಣ್ಣನ ಲೆಕ್ಕ ಇಷ್ಟು ಚೆನ್ನಾಗಿ ಕೂಡಿದ್ದು ಸ್ವಲ್ಪ ಅದೃಷ್ಟವೂ ಇರಬಹುದು.

ಪ್ಲೇಟ್_ಲ್ಯಾಬ್ · 10:47
ಒಪ್ಪಿದೆ. ಇನ್ನೊಂದು ಕಳ್ಳದಾರಿಯೂ ಇದೆ. ಇಳಿಯುವಾಗ ಮಂಡಿ ಮಡಿಸಿಕೊಂಡರೆ ಕಾಲು ತಡವಾಗಿ ನೆಲ ಮುಟ್ಟುತ್ತದೆ. ಗಾಳಿಯಲ್ಲಿದ್ದ ಹೊತ್ತು ಉದ್ದವಾಗುತ್ತದೆ, ಎತ್ತರ ಪುಕ್ಕಟೆ ಏರುತ್ತದೆ. ಹುಡುಗರು ಇದನ್ನು ಎರಡೇ ದಿನದಲ್ಲಿ ಕಲಿತುಬಿಡುತ್ತಾರೆ.

ಒಳ್ಳೇ ಪ್ಲೇಟ್ ಇದ್ದರೆ ಹೊತ್ತನ್ನು ನಂಬಬೇಕಾಗಿಲ್ಲ. ನೆಲವನ್ನು ಎಷ್ಟು ಬಲದಿಂದ, ಎಷ್ಟು ಹೊತ್ತು ಒತ್ತಿದ ಅಂತ ಅದು ಸೆಕೆಂಡಿಗೆ 1000 ಸಲ ಬರೆದುಕೊಳ್ಳುತ್ತದೆ. ಅದರಿಂದ ಕಾಲು ಬಿಟ್ಟಾಗಿನ ವೇಗ, ಅದರಿಂದ ಎತ್ತರ. ಆದರೆ ಹಾರುವ ಮುಂಚೆ ಒಂದು ಸೆಕೆಂಡಾದರೂ ಅಲ್ಲಾಡದೆ ನಿಲ್ಲಬೇಕು. ಪ್ಲೇಟ್ ಮೈತೂಕ ಅಳೆಯುವುದು ಆಗಲೇ, ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಆಯ್ಕೆ ಗಲಾಟೆಯಲ್ಲಿ, ಹಿಂದೆ ಸಾಲು ನಿಂತಿರುವಾಗ ಇದನ್ನು ಯಾರು ನೋಡುತ್ತಾರೆ ಹೇಳಿ.

ಗರಡಿ_ಹುಡುಗ · 11:02
ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಇರುತ್ತದೆ. ಎತ್ತಿದರೆ ಎತ್ತಿದ, ಇಲ್ಲ ಅಂದರೆ ಇಲ್ಲ. ಫ್ರೇಮೂ ಇಲ್ಲ, ಪ್ಲೇಟೂ ಇಲ್ಲ, ಇಡೀ ಊರೇ ಅಂಪೈರು 😄

ಬಾರ್‌ಬೆಲ್_ಬಸ್ಯ · 11:05
ಅದೇ ನಾನು ಹೇಳಿದ್ದು! 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ನಮ್ಮ ಕುಂದಾಪುರದ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್‌ನ 56 ಕೆಜಿ ವಿಭಾಗದಲ್ಲಿ ಬೆಳ್ಳಿ ತಂದರು. ಸ್ನ್ಯಾಚ್ 111, ಕ್ಲೀನ್ ಆ್ಯಂಡ್ ಜರ್ಕ್ 138, ಒಟ್ಟು 249. ಯಾರಾದರೂ "ಆ್ಯಪ್‌ನಲ್ಲಿ 255 ಬಂತು" ಅಂದರಾ? ಇಲ್ವಲ್ಲ.

ಲೆಕ್ಕದ_ಅಣ್ಣ · 11:11
ಬಸ್ಯ, ಅದು ಸ್ಪರ್ಧೆ. ತೂಕ ಎತ್ತುವುದೇ ಆಟ, ಹಾಗಾಗಿ ಅಳತೆಯೂ ಅದೇ. ವಾಲಿಬಾಲ್ ಹುಡುಗನ ಸ್ಕ್ವಾಟ್ ಹಾಗಲ್ಲ. ಅಷ್ಟಕ್ಕೂ ನಿಮ್ಮ ಜಿಮ್‌ನಲ್ಲಿ ಒನ್ ಆರ್‌ಎಂ ಹೇಗೆ ತೆಗೆಯುತ್ತೀರಿ? ನಿಜವಾಗಿ ಒಂದೇ ಸಲ ಎತ್ತಿಸುತ್ತೀರಾ, ಕಡಿಮೆ ಭಾರವನ್ನು ಹಲವು ಸಲ ಎತ್ತಿಸಿ ಸೂತ್ರ ಹಾಕುತ್ತೀರಾ?

ಬಾರ್‌ಬೆಲ್_ಬಸ್ಯ · 11:16
ಹುಡುಗರಿಗೆ ಸೂತ್ರ. ದೊಡ್ಡವರಿಗೆ ನಿಜವಾದದ್ದು.

ಲೆಕ್ಕದ_ಅಣ್ಣ · 11:29
ಯಾವ ಸೂತ್ರ? 60 ಕೆಜಿಯನ್ನು 5 ಸಲ ಹೊಡೆದ ಅಂತ ಇಟ್ಟುಕೊಳ್ಳಿ. ಎಪ್ಲೆ ಸೂತ್ರದಲ್ಲಿ 70 ಬರುತ್ತದೆ. ಬ್ರಿಝಿಕಿ ಸೂತ್ರದಲ್ಲಿ 67.5. ಅದೇ 60ನ್ನು 12 ಸಲ ಹೊಡೆದರೆ ಎಪ್ಲೆ 84, ಬ್ರಿಝಿಕಿ 86.4. ಕಡಿಮೆ ಸಲಕ್ಕೆ ಒಂದು ಜಾಸ್ತಿ ಹೇಳುತ್ತದೆ, ಜಾಸ್ತಿ ಸಲಕ್ಕೆ ಇನ್ನೊಂದು. ಸರಿಯಾಗಿ 10 ಸಲಕ್ಕೆ ಎರಡೂ ಒಂದೇ. ನಿಮ್ಮ "ಸುಳ್ಳು ಹೇಳದ ನಂಬರ್" ಇದೇನಾ?

ಬಾರ್‌ಬೆಲ್_ಬಸ್ಯ · 11:35
ಅದಕ್ಕೇ 3ರಿಂದ 5 ಸಲಕ್ಕಿಂತ ಜಾಸ್ತಿ ಹೊಡೆಸಿ ಸೂತ್ರ ಹಾಕಬಾರದು. ಇದು ಜಿಮ್‌ನಲ್ಲಿ ಎಲ್ಲರಿಗೂ ಗೊತ್ತು. ಇನ್ನು ಸ್ಕ್ವಾಟ್ ಅಂದಮೇಲೆ ಪೂರ್ತಿ ಇಳಿಯಬೇಕು. ಪವರ್‌ಲಿಫ್ಟಿಂಗ್‌ನಲ್ಲಿ ತೊಡೆ ಮೇಲ್ಭಾಗ ಸೊಂಟದ ಹತ್ತಿರ ಮಂಡಿಗಿಂತ ಕೆಳಗೆ ಬಂದರೆ ಮಾತ್ರ ಲೆಕ್ಕ. ಅರ್ಧ ಬಸ್ಕಿ ಹೊಡೆದು "ಸರ್ 120 ಹೊಡೆದೆ" ಅನ್ನೋರು ವಾರಕ್ಕೆ ಹತ್ತು ಜನ ಸಿಗುತ್ತಾರೆ.

ಗರಡಿ_ಹುಡುಗ · 11:38
ಅರ್ಧ ಬಸ್ಕಿ ಹೊಡೆದರೆ ನಮ್ಮ ಉಸ್ತಾದರು ಮೊದಲಿನಿಂದ ಎಣಿಸುತ್ತಿದ್ದರು.

ಆಟಗಾರ್ತಿಯ_ಅಮ್ಮ · ಮಂಗಳವಾರ ಬೆಳಿಗ್ಗೆ 6:50
ನನ್ನ ಮಗಳು ಲಾಂಗ್ ಜಂಪ್ ಮಾಡುತ್ತಾಳೆ. ಅವಳ ತರಬೇತಿಯಲ್ಲಿ ಪ್ರತಿ ತಿಂಗಳು ಜಿಗಿತದ ಪರೀಕ್ಷೆ. ನಂಬರನ್ನು ಬೋರ್ಡ್ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಾರೆ. ಒಂದು ಸೆಂ.ಮೀ. ಇಳಿದರೂ ಆ ದಿನ ಮನೆಯಲ್ಲಿ ಊಟ ಇಲ್ಲ. ನಿಜವಾಗಿ ಒಂದೆರಡು ಸೆಂ.ಮೀ.ಗೆ ಅರ್ಥ ಇದೆಯಾ ಸರ್? ಯಾರಾದರೂ ನೇರವಾಗಿ ಹೇಳಿ.

ಪ್ಲೇಟ್_ಲ್ಯಾಬ್ · 8:05
ಒಂದೇ ಸಲಕ್ಕೆ ಬಂದ ಒಂದು ಸೆಂ.ಮೀ.ಗೆ ಅರ್ಥ ಇಲ್ಲ ಮೇಡಂ. ಅದೇ ವ್ಯಕ್ತಿ, ಅದೇ ಯಂತ್ರ, ಅದೇ ವಾರದಲ್ಲಿ ಎರಡು ದಿನ ಹಾರಿದರೂ ಒಂದೆರಡು ಸೆಂ.ಮೀ. ಅತ್ತಿತ್ತ ಆಗುವುದು ಸಹಜ. ನಿದ್ದೆ, ಹಿಂದಿನ ದಿನದ ತಾಲೀಮು, ಮೈ ಬಿಸಿ ಆಗಿದೆಯಾ ಇಲ್ವಾ, ಎಲ್ಲವೂ ಸೇರುತ್ತದೆ. ಬೆಳಿಗ್ಗೆಗಿಂತ ಸಂಜೆ ಜಿಗಿತ ಸ್ವಲ್ಪ ಜಾಸ್ತಿ ಬರುವುದೂ ಗೊತ್ತಿರುವ ವಿಷಯವೇ. ಬೆಳಿಗ್ಗೆ 6ಕ್ಕೆ ಅಳೆದು, ಹೋದ ತಿಂಗಳ ಸಂಜೆ 5ರ ನಂಬರಿಗೆ ಹೋಲಿಸಿದರೆ ಮಗು ಹಿಂದೆ ಬಿದ್ದ ಹಾಗೇ ಕಾಣುತ್ತದೆ.

ಮೊದಲು ನಿಮ್ಮ ಗುಂಪಿನಲ್ಲಿ ಈ ಅತ್ತಿತ್ತ ಎಷ್ಟು ಅಂತ ತಿಳಿದುಕೊಳ್ಳಬೇಕು. ಅದಕ್ಕಿಂತ ದೊಡ್ಡ ಬದಲಾವಣೆ ಬಂದರೆ, ಅದೂ ಎರಡು ಮೂರು ಸಲ ಒಂದೇ ದಿಕ್ಕಿಗೆ ಬಂದರೆ, ಆಗ ಯೋಚಿಸಬೇಕು. ಬೋರ್ಡ್ ಮೇಲೆ ಬರೆಯುವುದು ಬೇಡವೇ ಬೇಡ. ಇದು ನನ್ನ ಅಭಿಪ್ರಾಯ.

ವಾಲಿಬಾಲ್_ಮೇಷ್ಟ್ರು · 8:30
ಹಾಗಾದರೆ 43ಕ್ಕೂ 45ಕ್ಕೂ ವ್ಯತ್ಯಾಸವೇ ಇಲ್ಲ ಅಂತಾಯ್ತಲ್ಲ ಸರ್?

ಪ್ಲೇಟ್_ಲ್ಯಾಬ್ · 8:34
ಆ ಒಂದು ದಿನದ ಅಳತೆಯಿಂದ ಹೇಳಲಾಗುವುದಿಲ್ಲ. ನಾನಾಗಿದ್ದರೆ ಗಡಿಯ ಹತ್ತಿರ ಇರುವವರನ್ನೆಲ್ಲ ಇನ್ನೊಂದು ದಿನ ಕರೆಸುತ್ತಿದ್ದೆ.

ಸುಮ್ನೆ_ಓದುವವ · 8:41
ಕಟಾಫ್ ಅಂದಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ಲ ಸ್ವಾಮಿ. 43ರವನನ್ನು ಕರೆದರೆ 41ರವನು ಕೇಳುತ್ತಾನೆ.

ಕರಾವಳಿ_ಕೋಣ · 9:15
ಇಷ್ಟೆಲ್ಲಾ ಯಂತ್ರ ಬೇಕಾ? 2020ರಲ್ಲಿ ನಮ್ಮ ಕಂಬಳದ ಶ್ರೀನಿವಾಸ ಗೌಡರು ಉಸೇನ್ ಬೋಲ್ಟ್‌ನ ದಾಖಲೆಯನ್ನೇ ಮೀರಿಸಿದರು. ಯಾವ ಲ್ಯಾಬಿಗೆ ಹೋಗಿದ್ದರು?

ಲೆಕ್ಕದ_ಅಣ್ಣ · 9:33
ಬಂತಪ್ಪಾ ಕಂಬಳ 😀 ಅವರು ಓಡಿದ್ದು 142.5 ಮೀಟರ್, 13.62 ಸೆಕೆಂಡ್. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಅಂದರು. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ 9.58ರಲ್ಲಿ ಗುಂಡಿನ ಸದ್ದು ಕೇಳಿ ಮೈ ಅಲ್ಲಾಡಿಸುವ ಹೊತ್ತೂ ಸೇರಿದೆ, ನಿಂತಲ್ಲಿಂದ ವೇಗ ಹಿಡಿಯುವ ನಿಧಾನದ ಮೀಟರುಗಳೂ ಸೇರಿವೆ. ಉದ್ದದ ಓಟವನ್ನು ಸರಾಸರಿ ಮಾಡಿದರೆ ಆ ನಿಧಾನದ ಪಾಲು ಹಂಚಿಹೋಗುತ್ತದೆ. ಮೇಲಾಗಿ ಮುಂದೆ ಎರಡು ಕೋಣ ಎಳೆಯುತ್ತಿವೆ. ಎರಡೂ ಬೇರೆ ಬೇರೆ ಅಂತ ಗೌಡರೇ ಹೇಳಿದ್ದರು, ಭಾರತೀಯ ಕ್ರೀಡಾ ಪ್ರಾಧಿಕಾರ ಸಾಯ್‌ನ ಟ್ರಯಲ್‌ಗೂ ಹೋಗಲಿಲ್ಲ. ಅವರಿಗೆ ಇದ್ದ ತಿಳಿವಳಿಕೆ ನಮ್ಮ ಟಿವಿ ಚಾನೆಲ್‌ಗಳಿಗೆ ಇರಲಿಲ್ಲ.

ಕರಾವಳಿ_ಕೋಣ · 9:36
ಕೆಸರಲ್ಲಿ ಬರಿಗಾಲಲ್ಲಿ ಬೋಲ್ಟ್ ಓಡಲಿ ನೋಡೋಣ.

ಲೆಕ್ಕದ_ಅಣ್ಣ · 9:38
ಅದಕ್ಕೆ ನಾನೂ ಟಿಕೆಟ್ ತಗೊಳ್ತೇನೆ.

ಕ್ರಿಕೆಟ್_ಕಿಟ್ಟಿ · 10:02
ಎಲ್ಲರಿಗೂ ಯೋ-ಯೋ ಟೆಸ್ಟ್ ಮಾಡಿಸಿ, ಮುಗಿಯಿತು. ಭಾರತ ತಂಡಕ್ಕೇ ಅದು ಸಾಕಾಗಿತ್ತು.

ಫಿಸಿಯೋ_ಅಕ್ಕ · 10:20
ಕಿಟ್ಟಿ, ಯೋ-ಯೋ ಅಳೆಯುವುದು ದಮ್ಮು. ಮತ್ತೆ ಮತ್ತೆ ಓಡಿ, ನಡುವೆ ಸುಧಾರಿಸಿಕೊಂಡು, ಎಷ್ಟು ಹೊತ್ತು ನಿಲ್ಲುತ್ತೀರಿ ಅಂತ. ಒಂದೇ ಏಟಿಗೆ ಎಷ್ಟು ಬಲ ಹಾಕುತ್ತೀರಿ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಮೇಷ್ಟ್ರೇ, ನಿಮ್ಮ ಹುಡುಗನಿಗೆ ಹಿಂದೆ ಮಂಡಿಗೋ ಪಾದದ ಕೀಲಿಗೋ ಪೆಟ್ಟಾಗಿತ್ತಾ? ಯಾಕೆ ಕೇಳುತ್ತೇನೆ ಅಂದರೆ, ಎತ್ತರದ ನಂಬರ್ ಒಂದು ವಿಷಯ ಮುಚ್ಚಿಡುತ್ತದೆ. ಮಂಡಿ ಕೀಲನ್ನು ಬಿಗಿಹಿಡಿಯುವ ಎಸಿಎಲ್ ಪಟ್ಟಿಯ ಆಪರೇಷನ್ ಆದ ಆಟಗಾರರಲ್ಲಿ ಎಷ್ಟೋ ಜನರ ಜಿಗಿತದ ಎತ್ತರ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಕೋಚ್ ಖುಷಿ, ಮನೆಯವರೂ ಖುಷಿ. ಎರಡು ಕಾಲಿಗೆ ಬೇರೆ ಬೇರೆ ಪ್ಲೇಟ್ ಇಟ್ಟು ನೋಡಿದರೆ ಒಳ್ಳೇ ಕಾಲೇ ಹೆಚ್ಚಿನ ಭಾರ ಹೊತ್ತಿರುತ್ತದೆ, ಅದರಲ್ಲೂ ಇಳಿಯುವಾಗ. ಮೈ ಅಷ್ಟು ಚೆನ್ನಾಗಿ ಮೋಸ ಮಾಡುತ್ತದೆ. ನನ್ನ ಹತ್ತಿರ ಬರುವವರಿಗೆ ಒಂಟಿಕಾಲಿನ ಜಿಗಿತ ಮಾಡಿಸದೆ ಮೈದಾನಕ್ಕೆ ಬಿಡುವುದೇ ಇಲ್ಲ. ಪ್ಲೇಟ್ ಇಲ್ಲದಿದ್ದರೆ ಟೇಪ್ ಸಾಕು: ಒಂಟಿಕಾಲಲ್ಲಿ ಮುಂದಕ್ಕೆ ಹಾರು, ಅಲ್ಲೇ ನಿಲ್ಲು, ದೂರ ಅಳಿ. ಪೆಟ್ಟಾದ ಕಾಲು ಇನ್ನೊಂದರ ಶೇ 90ಕ್ಕಿಂತ ಕಡಿಮೆ ಇದ್ದರೆ ಇನ್ನೂ ಕಾಯಬೇಕು. 90 ದಾಟಿದ ಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತಲೂ ಅಲ್ಲ.

ವಾಲಿಬಾಲ್_ಮೇಷ್ಟ್ರು · 12:45
ಪೆಟ್ಟೇನೂ ಇಲ್ಲ ಮೇಡಂ, ದೇವರ ದಯೆ. ಬೆಲ್ ಆಯ್ತು, ಸಂಜೆ ಬರುತ್ತೇನೆ.

ಪವರ್_ಪಾಟೀಲ · 2:10
ಜಿಗಿತ ಜಿಗಿತ ಅಂತೀರಲ್ಲ, ಪವರ್ ಎಲ್ಲಿ? ವ್ಯಾಟ್‌ನಲ್ಲಿ ಹೇಳಿ ಸಾಹೇಬ್ರೇ. ಸೇಯರ್ಸ್ ಸೂತ್ರ ಇದೆ, 1999ರದು: ಎತ್ತರ ಸೆಂ.ಮೀ.ನಲ್ಲಿ ಗುಣಿಸು 60.7, ತೂಕ ಕೆಜಿಯಲ್ಲಿ ಗುಣಿಸು 45.3, ಎರಡನ್ನೂ ಕೂಡಿಸಿ 2055 ಕಳೆಯಿರಿ. ನಮ್ಮಲ್ಲಿ ಎಲ್ಲ ಹುಡುಗರಿಗೂ ಇದೇ.

ಲೆಕ್ಕದ_ಅಣ್ಣ · 2:31
ಪಾಟೀಲರೇ, ಹಾಕಿ ನೋಡಿದೆ. 62 ಕೆಜಿ ಹುಡುಗ, 43 ಸೆಂ.ಮೀ.: ಸುಮಾರು 3364 ವ್ಯಾಟ್. ಅದೇ ಹುಡುಗ, ಮೇಷ್ಟ್ರ ಗೋಡೆಯ 58: ಸುಮಾರು 4274. ಬೆವರು ಒಂದು ಹನಿಯೂ ಜಾಸ್ತಿ ಸುರಿಸದೆ 900 ವ್ಯಾಟ್ ಲಾಭ!

ಇನ್ನೊಂದು ನೋಡಿ. 78 ಕೆಜಿಯ ಹುಡುಗ ಅದೇ 43 ಹಾರಿದರೆ ಸುಮಾರು 4089. ಅವನು ಜಾಸ್ತಿ ಪವರ್‌ನವ, ನಿಜ, ಜಾಸ್ತಿ ತೂಕ ಎತ್ತಿದ್ದಾನಲ್ಲ. ಕಬಡ್ಡಿ ಡಿಫೆಂಡರ್‌ಗೆ ಅದು ಒಳ್ಳೆಯದು. ಆದರೆ ನೆಟ್ ಮೇಲೆ ಇಬ್ಬರ ಕೈಯೂ ಅಷ್ಟೇ ಏರುತ್ತದೆ.

ಪವರ್_ಪಾಟೀಲ · 2:40
ಅದಕ್ಕೇ ತೂಕದಿಂದ ಭಾಗಿಸಬೇಕು ರೀ. ಕೆಜಿಗೆ ಇಷ್ಟು ವ್ಯಾಟ್ ಅಂತ.

ಲೆಕ್ಕದ_ಅಣ್ಣ · 2:44
ಭಾಗಿಸಿದರೆ ಮತ್ತೆ ಜಿಗಿತದ ಹತ್ತಿರವೇ ಬಂದು ನಿಂತಿರಿ. ಹಾಗಾದರೆ ಜಿಗಿತವನ್ನೇ ಬರೆದಿಡಿ.

ಪ್ಲೇಟ್_ಲ್ಯಾಬ್ · 3:20
ಪಾಟೀಲರ ಮಾತು ಪೂರ್ತಿ ತಳ್ಳಿಹಾಕಬೇಡಿ. ಪವರ್ ನೇರವಾಗಿ ಅಳೆಯುವ ವಿಧಾನಗಳಿವೆ. ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಶುರುವಾದ ಸೈಕಲ್ ಪರೀಕ್ಷೆ ಇದೆ. ಮೈತೂಕದ ಶೇ 7.5ರಷ್ಟು ಭಾರದ ತಡೆ ಹಾಕಿ, 30 ಸೆಕೆಂಡ್ ಪ್ರಾಣ ಹೋಗುವ ಹಾಗೆ ತುಳಿಸುತ್ತಾರೆ. ಮಾಡಿದವರಿಗೆ ಗೊತ್ತು, ಕೊನೆಗೆ ಬಕೆಟ್ ಬೇಕಾಗುತ್ತದೆ. ಸೈಕ್ಲಿಂಗ್‌ನವರಿಗೆ ಅದು ಸರಿ. ವಾಲಿಬಾಲ್‌ನಲ್ಲಿ 30 ಸೆಕೆಂಡ್ ಬಿಡದೆ ಯಾರು ತುಳಿಯುತ್ತಾರೆ?

ಬಸ್ಯ ಅವರಿಗೂ ಒಂದು: ಬಾರ್ ಏರುವ ವೇಗ ಅಳೆಯುವ ಸಾಧನ ಇದ್ದರೆ ಒನ್ ಆರ್‌ಎಂ ತೆಗೆಯಲೇಬೇಕೆಂದಿಲ್ಲ. ಭಾರ ಏರಿದಂತೆ ವೇಗ ಇಳಿಯುತ್ತದೆ. ಸ್ಕ್ವಾಟ್‌ನಲ್ಲಿ ಬಾರ್ ಸೆಕೆಂಡಿಗೆ 0.3 ಮೀಟರ್ ಸುತ್ತಮುತ್ತ ಬಂದರೆ ಅದೇ ಹೆಚ್ಚುಕಮ್ಮಿ ಕೊನೆಯ ಭಾರ. ಬೆಂಚ್ ಪ್ರೆಸ್‌ನಲ್ಲಿ ಇನ್ನೂ ನಿಧಾನ, 0.17ರ ಹತ್ತಿರ.

ಬಾರ್‌ಬೆಲ್_ಬಸ್ಯ · 3:31
ಆ ಸಾಧನದ ದುಡ್ಡಲ್ಲಿ ನಾನು ಇನ್ನೊಂದು ರ‍್ಯಾಕ್ ತಗೊಳ್ತೀನಿ ಗುರು.

ಹಳೇ_ಅಟ್ಯಾಕರ್ · 5:05
ನಾನು ಯೂನಿವರ್ಸಿಟಿ ಆಡಿದವನು. ಎಲ್ಲಾ ಓದಿದೆ. ವಾಲಿಬಾಲ್‌ಗೆ ಬೇಕಾದ ಅಳತೆ ಇಲ್ಲಿ ಯಾರೂ ಹೇಳಲಿಲ್ಲ. ನೆಟ್ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ನೆಟ್‌ಗೆ ನಿಮ್ಮ ಜಿಗಿತ ಗೊತ್ತಿಲ್ಲ. ಕೈ ಎಲ್ಲಿ ತಲುಪುತ್ತದೆ ಅದಷ್ಟೇ. ಓಡಿಬಂದು ಹಾರಿದಾಗ ಬೆರಳು ಎಷ್ಟು ಎತ್ತರ ಮುಟ್ಟುತ್ತದೆ, ಬ್ಲಾಕಿಗೆ ಹಾರಿದಾಗ ಎರಡೂ ಕೈ ಎಷ್ಟು ಎತ್ತರ. ಈ ಎರಡು ಬರೆದಿಟ್ಟುಕೊಳ್ಳಿ. 43 ಹಾರುವ ಉದ್ದ ಕೈಯವನು 50 ಹಾರುವ ಗಿಡ್ಡನಿಗಿಂತ ಮೇಲೆ ಹೊಡೆಯಬಹುದು.

ಗೋಡೆಯಲ್ಲಿ ಇನ್ನೊಂದು ಆಟ ಇದೆ, ಮೇಷ್ಟ್ರಿಗೆ ಗೊತ್ತಿರುತ್ತದೆ. ಮೊದಲ ಗುರುತು ಹಾಕುವಾಗ ಹುಡುಗರು ಭುಜ ಎತ್ತುವುದೇ ಇಲ್ಲ. ಗುರುತು ನಾಲ್ಕು ಬೆರಳು ಕೆಳಗೆ ಬೀಳುತ್ತದೆ, ಜಿಗಿತ ಅಷ್ಟು ಜಾಸ್ತಿ ಕಾಣುತ್ತದೆ. ಹಿಂದೆ ನಿಂತು ಮೊಣಕೈ ಹಿಡಿದು ಮೇಲಕ್ಕೆ ಎಳೆಯಬೇಕು.

ಫಿಸಿಯೋ_ಅಕ್ಕ · 5:12
ಮೊಣಕೈ ಎಳೆಯೋದು ನೋಡಿಕೊಂಡು ಎಳೆಯಿರಿ ಮಾರಾಯ್ರೆ, ಆಮೇಲೆ ನನ್ನ ಹತ್ತಿರ ಕಳಿಸಬೇಡಿ 😂

ವಾಲಿಬಾಲ್_ಮೇಷ್ಟ್ರು · 7:55
ಇವತ್ತು ಕೇಂದ್ರಕ್ಕೆ ಫೋನ್ ಮಾಡಿದ್ದೆ. ಜಗಳ ಆಡಲಿಲ್ಲ, ಲ್ಯಾಬ್ ಸರ್ ಹೇಳಿದ್ದನ್ನೇ ಕೇಳಿದೆ. "ನಿಮ್ಮ 45 ಯಾವ ವಿಧಾನದ್ದು? ಕೈ ಬೀಸಿಯಾ, ಸೊಂಟದ ಮೇಲಾ?" ಫೋನ್ ಎತ್ತಿದವರಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಕೇಳಿಕೊಂಡು ಬಂದರು. ಪಟ್ಟಿಯಲ್ಲಿ 45 ಅಂತ ಮಾತ್ರ ಇದೆಯಂತೆ, ವಿಧಾನ ಬರೆದಿಲ್ಲವಂತೆ. ಪಟ್ಟಿ ಪ್ಲೇಟ್ ಬರುವ ಮುಂಚಿನದು ಅಂತಲೂ ಹೇಳಿದರು. ಬರೆದು ಕೊಡಿ, ಮುಂದಿನ ಆಯ್ಕೆಯಲ್ಲಿ ನೋಡೋಣ ಅಂದರು.

ಸುಮ್ನೆ_ಓದುವವ · 8:01
ಪ್ಲೇಟ್ ಬರುವ ಮುಂಚಿನ ಪಟ್ಟಿ ಅಂದರೆ ಗೋಡೆಯ 45 ಇರಬಹುದಲ್ಲ! ಗೋಡೆಯಲ್ಲಿ ನಿಮ್ಮ ಹುಡುಗ 58. ಲಕ್ಷಗಟ್ಟಲೆಯ ಯಂತ್ರ ತಂದರು, ಪಟ್ಟಿ ತಿದ್ದಲಿಲ್ಲ.

ಪ್ಲೇಟ್_ಲ್ಯಾಬ್ · 8:14
ಇರಬಹುದು, ಇಲ್ಲದೆಯೂ ಇರಬಹುದು. ಊಹೆ ಮೇಲೆ ಜಗಳ ಬೇಡ. ಅರ್ಜಿಯಲ್ಲಿ ಮೂರೇ ಸಾಲು ಬರೆಯಿರಿ: ಕಟಾಫ್ ಯಾವ ವಿಧಾನದ್ದು, ಎಷ್ಟು ಸಲ ಹಾರಿಸಿ ಯಾವುದನ್ನು ತೆಗೆದುಕೊಳ್ಳುತ್ತೀರಿ, ಗಡಿಯಲ್ಲಿದ್ದವರಿಗೆ ಮರುಪರೀಕ್ಷೆ ಇದೆಯಾ. ಅಷ್ಟರೊಳಗೆ ಹುಡುಗನಿಗೆ ಕೈ ಸೊಂಟದ ಮೇಲೆ ಇಟ್ಟು ಹಾರುವ ಅಭ್ಯಾಸ ಮಾಡಿಸಿ. ಮೊದಲ ಸಲ ಹಾಗೆ ಹಾರಿದವರು ತಡಬಡಾಯಿಸುವುದು ಮಾಮೂಲು. ಒಂದೆರಡು ಸೆಂ.ಮೀ. ಅಲ್ಲೇ ಸಿಗುತ್ತದೆ.

ವಾಲಿಬಾಲ್_ಮೇಷ್ಟ್ರು · 8:22
ಆಗಲಿ ಸರ್. ಅವರಪ್ಪನಿಗೆ ಈ ಚರ್ಚೆಯನ್ನೇ ತೋರಿಸುತ್ತೇನೆ, ಕಂಬಳದ ಭಾಗ ಬಿಟ್ಟು.

ಕರಾವಳಿ_ಕೋಣ · 8:23
ಅದನ್ನೇ ಮೊದಲು ತೋರಿಸಿ.

ಹಳೇ_ಅಟ್ಯಾಕರ್ · 8:40
ಮೇಷ್ಟ್ರೇ, ಓಡಿಬಂದು ಮುಟ್ಟುವ ಎತ್ತರಕ್ಕೆ ಗೋಡೆ ಬೇಡ, ಹುಡುಗರು ಹೋಗಿ ಗುದ್ದಿಕೊಳ್ಳುತ್ತಾರೆ. ಬಾಸ್ಕೆಟ್‌ಬಾಲ್ ಕಂಬದ ಅಡ್ಡ ಪಟ್ಟಿಯಿಂದ ಹಗ್ಗ ಇಳಿಬಿಟ್ಟು ತುದಿಗೆ ಹಳೇ ಟೆನಿಸ್ ಚೆಂಡು ಕಟ್ಟಿ. ಮುಟ್ಟಿದ ಹಾಗೆ ಎರಡೆರಡು ಸೆಂ.ಮೀ. ಏರಿಸುತ್ತಾ ಹೋಗಿ.

ವಾಲಿಬಾಲ್_ಮೇಷ್ಟ್ರು · 8:44
ಅಳೆಯುವುದು ಚೆಂಡಿನ ಕೆಳಗಿನಿಂದಲಾ, ಮಧ್ಯದಿಂದಲಾ?

ಹಳೇ_ಅಟ್ಯಾಕರ್ · 8:45
ಕೆಳಗಿನಿಂದ. ಅದನ್ನೂ ಪುಸ್ತಕದಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಂದು ಚರ್ಚೆ ಶುರುವಾಗುತ್ತದೆ.